ಬೇಡವಾದ ಗೊನೆಯಲ್ಲಿ ದಾರಿ ತೋರಿಸಿದವರಿಗೆ

ಕಳೆದ ವಾರ ನಮ್ಮ ಬಾಳೆಕಾಯಿ ಹುಡಿ ಘಟಕದ ಸಾಲ ಪೂರ್ತಿ ತೀರಿತು. ಬ್ಯಾಂಕಿನವರು ಬೇಬಾಕಿ ಪತ್ರ ಕೊಟ್ಟರು. ಶಿರಸಿ ಸೀಮೆಯ ಸಣ್ಣ ಅಡಿಕೆ ತೋಟದ ಮನೆಯೊಂದಕ್ಕೆ ಇದು ದೊಡ್ಡ ಸಂಗತಿ. ಸುದ್ದಿ ಕೇಳಿ ಸಂತೋಷಪಟ್ಟವರಲ್ಲಿ ಅನೇಕರು ‘ಅವಕಾಶ ಬಂತು, ನೀನು ಬಿಡಲಿಲ್ಲ’ ಎಂದರು. ಆದರೆ ಆ ಅವಕಾಶ ಎಲ್ಲಿಂದಲೂ ಬಂದದ್ದಲ್ಲ, ನಮ್ಮ ಅಂಗಳದಲ್ಲೇ ಇತ್ತು. ಅದನ್ನು ನನ್ನ ಕಣ್ಣಿಗೆ ಬೀಳಿಸಿದವರು ಬೇರೆ ಬೇರೆ ಜನ. ಅವರಿಗೆ ಎಲ್ಲರೆದುರು ಕೈಮುಗಿಯಬೇಕೆಂದು ಇದನ್ನು ಬರೆಯುತ್ತಿದ್ದೇನೆ.

2019ರ ಆಗಸ್ಟ್ ತಿಂಗಳ ಮಳೆಯನ್ನು ನಮ್ಮ ಜಿಲ್ಲೆಯವರು ಮರೆಯುವುದಿಲ್ಲ. ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಟ್ಟ ಒಂದು ಹೊಳವು ಕೂಡ ಸಿಗಲಿಲ್ಲ. ಕೊಳೆ ರೋಗ ಬಂದು ಎಳೆಯ ಅಡಿಕೆಯೆಲ್ಲ ಮರದ ಬುಡದಲ್ಲಿ ಹಾಸಿಕೊಂಡಿತು. ಆ ನಷ್ಟವನ್ನು ಸ್ವಲ್ಪವಾದರೂ ತುಂಬಿಕೊಳ್ಳೋಣವೆಂದು ಮರಗಳ ನಡುವೆ ಬಾಳೆ ಹೆಚ್ಚು ನೆಟ್ಟೆವು. ಅದು ಗೊನೆ ಬಿಟ್ಟು ಬಲಿಯುವ ಹೊತ್ತಿಗೆ 2021ರ ಬೇಸಿಗೆ, ಕೊರೊನಾದ ಎರಡನೆಯ ಅಲೆ. ಸಂತೆಯಿಲ್ಲ, ಮದುವೆಯಿಲ್ಲ, ಹೋಟೆಲು ತೆರೆದಿಲ್ಲ. ಗೊನೆ ಕಡಿದು ಪೇಟೆಗೆ ಸಾಗಿಸುವ ಖರ್ಚೇ ಗೊನೆಯ ಬೆಲೆಯನ್ನು ಮೀರಿತು. ದನಗಳಿಗೆ ಹಾಕಿದೆವು, ನೆರೆಯವರಿಗೆ ಕೊಟ್ಟೆವು, ಉಳಿದದ್ದು ಬಾವಲಿಗಳ ಪಾಲಾಯಿತು. ಊರಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಗೊನೆ ಯಾರಿಗೂ ಬೇಡ.

ಆ ಸಮಯದಲ್ಲಿ ಕೃಷಿ ಮಾಸಿಕ ‘ಅಡಿಕೆ ಪತ್ರಿಕೆ’ಯ ಸಂಪಾದಕ ಶ್ರೀಪಡ್ರೆಯವರು ಬಾಳೆಕಾಯಿ ಹುಡಿಯ ವಿಚಾರವನ್ನು ಒಂದು ಆಂದೋಲನದಂತೆ ಎತ್ತಿಕೊಂಡರು. ‘ಬಾಕಾಹು’ ಎಂಬ ಚಿಕ್ಕ ಹೆಸರು ಮನೆಮಾತಾದದ್ದು ಆಗಲೇ. ಕೇರಳದ ಕೃಷಿ ವಿಜ್ಞಾನ ಕೇಂದ್ರವೊಂದರ ವಿಧಾನವನ್ನು ತುಮಕೂರು ಜಿಲ್ಲೆಯ ಮಹಿಳೆಯೊಬ್ಬರು ತಮ್ಮ ಮನೆಯಲ್ಲೇ ಮಾಡಿ ತೋರಿಸಿದ್ದರು. ಅದು ವಾಟ್ಸಾಪ್ ಗುಂಪುಗಳ ಮೂಲಕ ಉತ್ತರ ಕನ್ನಡದ ಅಡುಗೆಮನೆಗಳನ್ನು ತಲುಪಿತು. ಅದೇ ವರ್ಷದ ಜುಲೈನಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲಿ ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದ ಹೆಂಗಸರ ಈ ಕೆಲಸದ ಪ್ರಸ್ತಾಪ ಬಂತು. ಬೆಲೆ ಬಿದ್ದದ್ದನ್ನು ಬರೆದು ಸುಮ್ಮನಾಗದೆ, ಬಿದ್ದ ಬೆಲೆಯೊಳಗೆ ರೈತ ಇಂದೇ ಏನು ಮಾಡಬಹುದೆಂದು ಹುಡುಕಿ ಬರೆಯುವ ಪತ್ರಿಕೋದ್ಯಮಕ್ಕೆ ನನ್ನ ಮೊದಲ ನಮಸ್ಕಾರ.

ಓದಿದವರು ಅನೇಕರಿದ್ದರು. ನಮ್ಮ ಮನೆಯಲ್ಲಿ ಅದು ಓದಿನಲ್ಲೇ ನಿಲ್ಲದಿರಲು ಕಾರಣ ನನ್ನ ಅತ್ತೆ. ಹಣ್ಣನ್ನು ಒಣಗಿಸಿ ಸುಕೇಳಿ ಮಾಡುವುದು, ಹಲಸಿನ ಹಪ್ಪಳ ಹಚ್ಚುವುದು, ಮುರುಗಲ ಸಿಪ್ಪೆಯನ್ನು ಮಳೆಗಾಲಕ್ಕೆ ತೆಗೆದಿಡುವುದು ಅವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಹುಡಿ ಮಾಡಬೇಕೆಂದರೆ ಡ್ರೈಯರ್ ಬೇಕು, ಅದಕ್ಕೆ ದುಡ್ಡೆಲ್ಲಿದೆ ಎಂದು ನಾನೂ ನನ್ನ ಯಜಮಾನರೂ ಲೆಕ್ಕ ಹಾಕುತ್ತಿದ್ದಾಗ ಅತ್ತೆ ಕೇಳಿದರು: ‘ಚಾಲಿ ಅಡಿಕೆ ಒಣಗಿಸುವ ಪಾಲಿಹೌಸ್ ಈಗ ಖಾಲಿಯಿದೆಯಲ್ಲ, ಅದಕ್ಕೇನಾಗಿದೆ?’

ಅದಕ್ಕೇನೂ ಆಗಿರಲಿಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸಿ ಅಡಿಕೆಗೆಂದು ಕಟ್ಟಿಸಿದ್ದರಿಂದ ಅದು ಅಡಿಕೆಯದ್ದು ಎಂದಷ್ಟೇ ನಮ್ಮ ತಲೆಯಲ್ಲಿತ್ತು. ಕೊಯ್ಲು ಮುಗಿದು ಚಾಲಿ ಚೀಲಕ್ಕೆ ಸೇರಿದ ಮೇಲೆ ಅಲ್ಲಿ ತೆಂಗಿನ ಸಿಪ್ಪೆ, ಕಟ್ಟಿಗೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಅತ್ತೆಯ ಆ ಒಂದು ಮಾತು ನಮ್ಮ ಮನೆಯ ಯೋಚನೆಯ ರೀತಿಯನ್ನೇ ಬದಲಿಸಿತು. ಇಂದಿಗೂ ಹೊಸದೇನಾದರೂ ಮಾಡುವ ಮೊದಲು ನಾನೂ ಯಜಮಾನರೂ ತೋಟ, ಕೊಟ್ಟಿಗೆ, ಅಟ್ಟ ಸುತ್ತಿ ಬರುತ್ತೇವೆ. ಇಲ್ಲಿ ಸುಮ್ಮನೆ ಕುಳಿತದ್ದು ಏನಿದೆ, ಅದು ಯಾರಿಗೆ ಬೇಕಾಗಿದೆ ಎಂದು ಕೇಳಿಕೊಳ್ಳುತ್ತೇವೆ. ಎಷ್ಟೋ ಸಲ ಏನೂ ಹೊಳೆಯುವುದಿಲ್ಲ. ಆದರೂ ಈ ಅಭ್ಯಾಸವನ್ನು ಬಿಟ್ಟಿಲ್ಲ, ಮಕ್ಕಳಿಗೂ ಕಲಿಸುತ್ತಿದ್ದೇವೆ. ಅತ್ತೇ, ನಿಮ್ಮ ಋಣ ದೊಡ್ಡದು.

ಹೆಚ್ಚಿದ ಬಾಳೆಕಾಯಿ ಗಾಳಿಗೆ ಕಪ್ಪಾಗುತ್ತದೆ. ಉಪ್ಪು ಹಾಕಿದ ಗಂಜಿ ತಿಳಿಯಲ್ಲಿ ಹೋಳುಗಳನ್ನು ನೆನೆಸಿ ತೆಗೆದರೆ ಬಣ್ಣ ಉಳಿಯುತ್ತದೆ. ಮುರಿದರೆ ಚಟ್ಟೆಂದು ಸದ್ದು ಬರುವವರೆಗೆ ಒಣಗಿಸಬೇಕು. ಹತ್ತು ಕಿಲೋ ಕಾಯಿಯ ಸಿಪ್ಪೆ ತೆಗೆದು ಒಣಗಿಸಿದರೆ ಎರಡು ಕಿಲೋದ ಆಸುಪಾಸು ಹುಡಿ. ಇಷ್ಟನ್ನು ಕಲಿಯಲು ಕಷ್ಟವಾಗಲಿಲ್ಲ. ಕೊಳ್ಳುವವರನ್ನು ಅರಿಯುವುದು ಕಷ್ಟವಾಗಿತ್ತು, ಅದನ್ನು ಕಲಿಸಿದವರು ಶಿರಸಿ ಪೇಟೆಯ ಒಬ್ಬ ಅಂಗಡಿಯವರು. ಪೊಟ್ಟಣ ಇಟ್ಟುಕೊಳ್ಳಲು ಒಪ್ಪಿದ ಅವರು ಒಂದೆರಡು ವಾರ ಬಿಟ್ಟು ಕರೆದು, ‘ತಂಗಿ, ಹುಡಿ ಚೆನ್ನಾಗಿದೆ. ಇದರಿಂದ ಏನು ಮಾಡುವುದೆಂದು ಜನ ಕೇಳುತ್ತಾರೆ, ನಾನೇನು ಹೇಳಲಿ?’ ಎಂದರು. ರೊಟ್ಟಿ, ದೋಸೆ, ಮಣ್ಣಿ, ಜಾಮೂನು ಮಾಡುವ ಕ್ರಮ ಪೊಟ್ಟಣದ ಹಿಂದೆ ಅಚ್ಚಾದದ್ದು ಆ ಮಾತಿನಿಂದ. ಮಾರಾಟವಾಗದ ಸರಕನ್ನು ಸುಮ್ಮನೆ ವಾಪಸು ಕಳಿಸುವುದು ಅವರಿಗೆ ಸುಲಭವಿತ್ತು. ಗಿರಾಕಿಗಳ ಮಾತನ್ನು ನನಗೆ ಮುಟ್ಟಿಸುವ ತೊಂದರೆ ತೆಗೆದುಕೊಂಡರಲ್ಲ, ಆ ದೊಡ್ಡ ಮನಸ್ಸನ್ನು ನೆನೆಯುತ್ತೇನೆ.

ಇನ್ನೊಬ್ಬರು ಹುಬ್ಬಳ್ಳಿಯ ಒಬ್ಬ ತಾಯಿ. ಮುಖ ನೋಡಿಲ್ಲ, ಫೋನಿನಲ್ಲಷ್ಟೇ ಪರಿಚಯ. ಅವರ ಮಗುವಿಗೆ ಸೀಲಿಯಾಕ್ ಕಾಯಿಲೆ, ಗೋಧಿಯಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋಗಲೇಬಾರದು. ಬಾಳೆಕಾಯಿಯಲ್ಲಿ ಗ್ಲುಟೆನ್ ಇಲ್ಲವೆಂದು ತಿಳಿದೇ ಫೋನ್ ಮಾಡಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಗೋಧಿ ಬೀಸುವ ಗಿರಣಿಯಲ್ಲೇ ಇದನ್ನೂ ಬೀಸಿಸುತ್ತೀರಾ?’ ಹೌದು, ಊರಿನ ಗಿರಣಿಯಲ್ಲೇ ಬೀಸಿಸುತ್ತಿದ್ದೆವು. ಹಾಗಿದ್ದರೆ ಬೇಡವೆಂದು ಮೃದುವಾಗಿಯೇ ಹೇಳಿ ಫೋನ್ ಇಟ್ಟರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ಪೊಟ್ಟಣದ ವ್ಯಾಪಾರ ತಪ್ಪಿತೆಂಬ ಬೇಸರ ಅದಲ್ಲ. ಇಂಥ ಮಕ್ಕಳಿರುವ ಮನೆಗಳು ಇನ್ನೆಷ್ಟಿವೆಯೋ, ಅವರೆಲ್ಲ ಹುಡುಕುತ್ತಿರುವುದು ನಮ್ಮ ಮನೆಯಲ್ಲೇ ಇದ್ದೂ ಅವರಿಗೆ ತಲುಪುವ ಹಾಗಿಲ್ಲವಲ್ಲ ಎಂಬ ಸಂಕಟ. ಸ್ವಂತ ಯಂತ್ರ ಹಾಕಲೇಬೇಕೆಂಬ ನಿರ್ಧಾರ ಅಲ್ಲಿ ಹುಟ್ಟಿತು. ‘ಬೇಡ’ ಎಂದವರ ಕಾರಣವನ್ನು ಪೂರ್ತಿ ಕೇಳಿಸಿಕೊಳ್ಳುವುದನ್ನು ಅಂದಿನಿಂದ ನಾನು ರೂಢಿಸಿಕೊಂಡೆ. ಈಗ ಆ ತಾಯಿ ನಮ್ಮಲ್ಲೇ ಹುಡಿ ಕೊಳ್ಳುತ್ತಾರೆ.

ಯಂತ್ರಕ್ಕೆ ಸಾಲ ಬೇಕಿತ್ತು. ಮೊದಲು ಹೋದ ಬ್ಯಾಂಕಿನಲ್ಲಿ ಬಾಳೆಕಾಯಿ ಹಿಟ್ಟಿಗೆ ಯಾರು ದುಡ್ಡು ಕೊಡುತ್ತಾರೆಂದು ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ಕಿರು ಆಹಾರ ಸಂಸ್ಕರಣೆಗೆ ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೆಯ ಬಗ್ಗೆ ತಿಳಿಸಿದವರು ಅರ್ಜಿದಾರರಿಗೆ ನೆರವಾಗಲು ಆ ಯೋಜನೆಯಲ್ಲೇ ನೇಮಕವಾದ ಜಿಲ್ಲಾ ಸಂಪನ್ಮೂಲ ವ್ಯಕ್ತಿ. ಯೋಜನೆಯಲ್ಲಿ ಶೇಕಡಾ 35 ಸಹಾಯಧನವಿತ್ತು, ನಮ್ಮ ರಾಜ್ಯ ಅದಕ್ಕೆ ಇನ್ನೂ ಶೇಕಡಾ 15 ಸೇರಿಸುತ್ತಿತ್ತು. ಆ ಹಣ ಕೈಗೆ ಬರುತ್ತಿರಲಿಲ್ಲ, 3 ವರ್ಷ ಬ್ಯಾಂಕಿನಲ್ಲೇ ಇದ್ದು, ಘಟಕ ನಡೆಯುತ್ತಿದ್ದು ಕಂತು ಸರಿಯಾಗಿ ಕಟ್ಟಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತಿತ್ತು. ಇದನ್ನೆಲ್ಲ ಬಿಡಿಸಿ ಹೇಳಿ, ಯೋಜನಾ ವರದಿ ಬರೆಯಲು ನಮ್ಮ ಜಗಲಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಸಂಜೆಯವರೆಗೆ ಕುಳಿತರು. ಅವರಿಗೂ, ಮನೆಗೇ ಬಂದು ಪಾಲಿಹೌಸ್ ನೋಡಿ ಸಾಲ ಮಂಜೂರು ಮಾಡಿದ ಎರಡನೆಯ ಬ್ಯಾಂಕಿನ ವ್ಯವಸ್ಥಾಪಕರಿಗೂ ಮನಸಾರೆ ವಂದನೆ. ಯೋಜನೆಗಳು ಕಾಗದದಲ್ಲಿ ಎಷ್ಟೋ ಇರುತ್ತವೆ, ಅವು ಹಳ್ಳಿಯ ಮನೆಯ ಮೆಟ್ಟಿಲು ಹತ್ತುವುದು ಇಂಥವರ ಕಾಲಿನಿಂದಲೇ.

ಬೆಳಗಾದರೆ ಬಂದು ಕಾಯಿ ಹೆಚ್ಚಲು ಕೂರುವ ನಮ್ಮ ಕೇರಿಯ ಅಕ್ಕಂದಿರು, ಬಾಳೆ ಸೋನೆಯಿಂದ ಕಪ್ಪಾದ ನಿಮ್ಮ ಕೈಗಳಿಗೆ ಎಷ್ಟು ಹೇಳಿದರೂ ಕಡಿಮೆ. ನನ್ನ ಯಜಮಾನರಿಗೆ ಇಲ್ಲಿ ಬರೆದರೆ ಇಷ್ಟವಾಗದು, ಅವರಿಗೆ ಮನೆಯಲ್ಲೇ ಹೇಳುತ್ತೇನೆ.

ಅಡಿಕೆ ಸುಲಿಯುವ ತಿಂಗಳುಗಳಲ್ಲಿ ನಮ್ಮೆಲ್ಲರ ಕೈ ಅಲ್ಲೇ ಇರುವುದರಿಂದ ಹುಡಿ ಯಂತ್ರ ಬಿಡುವಾಗಿರುತ್ತದೆ. ಸುತ್ತಿನ ಊರಿನವರು ಒಣಗಿಸಿದ ಬಾಳೆಕಾಯಿ, ಹಲಸಿನ ಬೀಜ, ಅರಿಶಿನ ಏನನ್ನಾದರೂ ತಂದು ಹುಡಿ ಮಾಡಿಕೊಂಡು ಹೋಗಬಹುದು. ಕರೆಂಟಿನ ಖರ್ಚು ಕೊಟ್ಟರೆ ಸಾಕು. ಗೋಧಿಯನ್ನು ಮಾತ್ರ ದಯವಿಟ್ಟು ತರಬೇಡಿ.