ಲೆಗೋ ಡಾಕ್ಟರ್ ಹೂ ಸೆಟ್: ಕೊಳ್ಳುವ ಮುಂಚೆ ಓದಿ

ಗೆಳೆಯರೇ, ಬ್ರಿಟನ್ನಿನ ಟೀವಿ ಧಾರಾವಾಹಿ ‘ಡಾಕ್ಟರ್ ಹೂ’ ಮೇಲೆ ಮಾಡಿದ 2015ರ ಲೆಗೋ ಐಡಿಯಾಸ್ ಸೆಟ್ (ನಂಬರ್ 21304) ಕಟ್ಟಿ ಮುಗಿಸಿದೆ. 623 ತುಂಡು. ಟಾರ್ಡಿಸ್, ಅಂದರೆ ನೀಲಿ ಪೊಲೀಸ್ ಬಾಕ್ಸ್ (ಹಳೇ ಪೊಲೀಸ್ ಫೋನ್ ಗೂಡು) ರೂಪದ ಕಾಲಯಂತ್ರ, ಅದರ ಬೆನ್ನಿಗೇ ಅದರ ಕಂಟ್ರೋಲ್ ರೂಮ್. ಹೊರಗಿಂದ ಪುಟ್ಟದು, ಒಳಗೆ ಹೋದರೆ ದೊಡ್ಡದು, ಅಲ್ವಾ? ಅದನ್ನು ಲೆಗೋ ಇಟ್ಟಿಗೆಯಲ್ಲಿ ಹೇಗೆ ತೋರಿಸುತ್ತಾರೋ ಅಂತ ಅನುಮಾನ ಇತ್ತು, ಆದರೆ ಎರಡನ್ನೂ ಜೋಡಿಸಿ ಬಾಗಿಲಿಂದ ಇಣುಕಿದಾಗ ತುಂಬಾ ಖುಷಿಯಾಯಿತು. ಧಾರಾವಾಹಿಯ ನಾಯಕ ಡಾಕ್ಟರ್ ಆಗಾಗ ರೂಪ ಬದಲಿಸುತ್ತಾನೆ; ಸೆಟ್‌ನಲ್ಲಿ ಹನ್ನೊಂದನೇ, ಹನ್ನೆರಡನೇ ಡಾಕ್ಟರ್, ಅವರ ಸಂಗಾತಿ ಕ್ಲಾರಾ, ಕಲ್ಲಿನ ಪ್ರತಿಮೆಯಂಥ ವೈರಿ ವೀಪಿಂಗ್ ಏಂಜಲ್, ಲೋಹದ ಕವಚದ ವೈರಿಗಳಾದ ಎರಡು ಡಾಲೆಕ್ ಇವೆ. ಹಳೇ ಡಾಕ್ಟರ್‌ಗಳು ಯಾರೂ ಇಲ್ಲ, ನಾಲ್ಕನೇ ಡಾಕ್ಟರ್ ಆಗಿದ್ದ ನಟ ಟಾಮ್ ಬೇಕರ್ ಮತ್ತು ಅವರ ಆ ಉದ್ದ ಸ್ಕಾರ್ಫ್ ಇರಬೇಕಿತ್ತು ಅನ್ನಿಸಿತು. ಈಗ ಇದರ ತಯಾರಿ ನಿಂತಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮುಂಚೆ ಆರೂ ಗೊಂಬೆಗಳ ಫೋಟೋ ತಪ್ಪದೆ ಕೇಳಿ, ಮುಖ್ಯವಾಗಿ ಏಂಜಲ್‌ದು.