ಕಂಬಳಿ ಹುಳು: ಮೊದಲ ಮಳೆಗೇ ಡಂಗುರ ಹೊಡೆಸಿ

ಮಾನ್ಯ ಸಂಪಾದಕರೇ,

ಶೇಂಗಾ ಹೊಲಕ್ಕೆ ಕೆಂಪು ಕಂಬಳಿ ಹುಳು ನುಗ್ಗಿದ ಮೇಲೆ ನಮ್ಮ ಚಳ್ಳಕೆರೆ ಸೀಮೆಗೆ ಜೀಪು ಬರುತ್ತದೆ. ಬಂದವರು ಎಲೆ ಕಿತ್ತು ನೋಡಿ, ಔಷಧದ ಹೆಸರು ಬರೆದುಕೊಟ್ಟು ಹೋಗುತ್ತಾರೆ. ಅಷ್ಟರಲ್ಲಿ ಗಿಡದಲ್ಲಿ ಉಳಿದಿರುವುದು ಬರೀ ಕಡ್ಡಿ. ಮೈತುಂಬ ಕೂದಲು ಬಂದ ಬಲಿತ ಹುಳು ಸಿಂಪರಣೆಗೆ ಸುಲಭವಾಗಿ ಸಾಯುವುದಿಲ್ಲ. ಒಂದು ಹೊಲ ಬರಿದಾದರೆ ಬದು ದಾಟಿ ದಂಡುದಂಡಾಗಿ ಪಕ್ಕದ ಹೊಲಕ್ಕೆ ಇಳಿಯುತ್ತದೆ.

ಈ ಹುಳು ಹೇಳದೆ ಕೇಳದೆ ಬರುವಂಥದ್ದಲ್ಲ. ವರ್ಷಕ್ಕೆ ಒಂದೇ ಪೀಳಿಗೆ. ಬಲಿತ ಹುಳು ಬದುವಿನಲ್ಲೋ ಮರದ ಬುಡದಲ್ಲೋ ಮಣ್ಣಿಗಿಳಿದು, ಕೋಶವಾಗಿ ಮುಂದಿನ ಮುಂಗಾರಿನವರೆಗೆ ಮಲಗಿರುತ್ತದೆ. ಜೋರು ಮಳೆ ಬಿದ್ದ ಎರಡು ಮೂರು ದಿನಕ್ಕೆ, ಸಂಜೆ ಹೊತ್ತಿಗೆ ಚಿಟ್ಟೆಯಾಗಿ ಏಳುತ್ತದೆ. ಬಿಳಿ ರೆಕ್ಕೆ, ಅದರ ಮುಂದಿನ ಅಂಚಿಗೆ ಹಳದಿ ಪಟ್ಟಿ, ಹಿಂದಿನ ರೆಕ್ಕೆಯಲ್ಲಿ ಕಪ್ಪು ಚುಕ್ಕೆ. ಹಾಳಾದದ್ದು ನೋಡಲು ಬಲು ಚೆಂದ. ಒಂದೊಂದು ಹೆಣ್ಣು ನೂರಾರು ಮೊಟ್ಟೆಗಳನ್ನು ಎಲೆಗಳ ಅಡಿಯಲ್ಲಿ ಗುಂಪುಗುಂಪಾಗಿ ಇಡುತ್ತದೆ. ಮರಿಗಳು ಮೊದಮೊದಲು ಒಂದೇ ಎಲೆಗೆ ಮುತ್ತಿಕೊಂಡು ಹಸಿರನ್ನು ಕೆರೆದು ತಿನ್ನುತ್ತವೆ. ಎಲೆ ಜರಡಿಯಂತಾಗುವ ಆ ಹಂತದಲ್ಲಿ ಕಂಡರೆ ಎಲೆಯ ಸಮೇತ ಕಿತ್ತು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬಹುದು. ಚದುರಿದ ಮೇಲೆ ಹಿಡಿತಕ್ಕೆ ಸಿಗುವುದಿಲ್ಲ.

ಚಿಟ್ಟೆ ಬೆಳಕಿಗೆ ಬರುತ್ತದೆಂದು ಹಿರಿಯರು ಬದುವಿನ ಮೇಲೆ ಬೆಂಕಿ ಹಾಕುತ್ತಿದ್ದರು. ಈಗಲೂ ಕೆಲವರು ಹಾಕುತ್ತಾರೆ. ಆದರೆ ಒಬ್ಬನೇ ಹಾಕಿದರೆ ಅಕ್ಕಪಕ್ಕದ ಚಿಟ್ಟೆಯೆಲ್ಲ ಅವನ ಹೊಲಕ್ಕೇ ಬಂದು, ಬೆಂಕಿಗೆ ಬೀಳದವು ಅಲ್ಲೇ ಮೊಟ್ಟೆ ಇಡುತ್ತವೆ. ನಮ್ಮ ಓಣಿಯವರು ಈ ಕೆಲಸ ಬಿಟ್ಟಿದ್ದು ಇದೇ ಕಾರಣಕ್ಕೆ. ಅವರನ್ನು ಸೋಮಾರಿಗಳು ಎನ್ನುವವರು ಒಂದು ರಾತ್ರಿ ಹೊಲ ಕಾದು ನೋಡಲಿ. ಊರಿಗೆ ಊರೇ ಒಂದೇ ಸಂಜೆ ಬೆಂಕಿ ಹಚ್ಚಬೇಕು, ಇಲ್ಲವೇ ದೀಪದ ಬಲೆ ಇಡಬೇಕು. ಹೊಲದ ಸುತ್ತ ಒಂದಡಿ ಆಳದ ಕಾಲುವೆ ತೋಡಿದರೆ ದಂಡು ಅಲ್ಲೇ ಬೀಳುತ್ತದೆ. ಅದೂ ಒಬ್ಬಿಬ್ಬರ ಕೈಯಲ್ಲಾಗುವ ಕೆಲಸವಲ್ಲ.

ಕಂದಾಯ ಬಾಕಿ ಕಟ್ಟಿ ಎಂದು ಸಾರಲು ಗ್ರಾಮ ಪಂಚಾಯಿತಿಗಳಿಂದ ಧ್ವನಿವರ್ಧಕ ಕಟ್ಟಿದ ಆಟೊ ಬರುತ್ತದಲ್ಲ, ಜೋರು ಮಳೆ ಬಿದ್ದ ಮರುದಿನ ಅದೇ ಆಟೊ ಇನ್ನೊಂದು ಸುತ್ತು ಬರಲಿ: ಯಾವ ಸಂಜೆ, ಎಷ್ಟು ಹೊತ್ತಿಗೆ ಬೆಂಕಿ ಎಂದು ಸಾರಲಿ. ರೈತ ಸಂಪರ್ಕ ಕೇಂದ್ರಗಳು ದೀಪದ ಬಲೆಗಳನ್ನು ಬಿತ್ತನೆ ಬೀಜದ ಜೊತೆಗೇ ಕೊಡಲಿ.

— ಒಬ್ಬ ಶೇಂಗಾ ಬೆಳೆಗಾರ, ಚಳ್ಳಕೆರೆ ತಾಲ್ಲೂಕು