ಹನ್ನೆರಡು ಹುಣ್ಣಿವಿ, ಮೇಲೊಂದು ಅಧಿಕ

ಸಿಂಧನೂರು

ಗೆಳೆಯಾ,

ಮಗಳು ಶಾಲೆಯ ಚಾರ್ಟಿಗೆ ಹುಣ್ಣಿಮೆಗಳ ಹೆಸರು ಹುಡುಕಿದರೆ ಬರೀ ವುಲ್ಫ್ ಮೂನ್, ಸ್ಟ್ರಾಬೆರಿ ಮೂನ್ ಬರುತ್ತವೆ, ನಮ್ಮ ಕಡೆಯವು ಬರೆದು ಕಳಿಸು ಅಂದಿದ್ದಿ. ಆ ಹೆಸರುಗಳು ಅಮೆರಿಕದ ಮೂಲನಿವಾಸಿಗಳಿಂದ ಮತ್ತು ಅಲ್ಲಿ ಹೋಗಿ ನೆಲೆಸಿದ ರೈತರಿಂದ ಬಂದವು. ಜೂನಿನಲ್ಲಿ ಅಲ್ಲಿ ಸ್ಟ್ರಾಬೆರಿ ಕೀಳುತ್ತಾರೆ, ಇಲ್ಲಿ ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಾರೆ. ಎರಡೂ ಕಡೆ ಹೆಸರು ಇಟ್ಟಿದ್ದು ಹೊಲದಲ್ಲಿ ಕೆಲಸ ಮಾಡುವವರೇ. ಆದರೆ ಬರೀ ಪಟ್ಟಿ ಕಳಿಸಿದರೆ ಅರ್ಧ ಕೆಲಸ ಆದಂತೆ. ನಮ್ಮ ಹುಣ್ಣಿಮೆಯ ಅರ್ಥ ಅವತ್ತು ಮಾಡುವ ಕೆಲಸದಲ್ಲಿದೆ, ಆ ಕೆಲಸ ಯಾವ ದಿನ ಅನ್ನುವಲ್ಲೇ ಜನ ಎಡವುತ್ತಾರೆ. ಹಾಗಾಗಿ ಮೊದಲು ದಿನದ ಲೆಕ್ಕ.

ಪ್ರತಿ ಹುಣ್ಣಿಮೆಗೆ ಎರಡು ಹೆಸರು. ಒಂದು ಜನ ಕರೆಯುವುದು, ಅದನ್ನು ಆಮೇಲೆ ಹೇಳುತ್ತೇನೆ. ಇನ್ನೊಂದು ಪಂಚಾಂಗದ್ದು, ಅದು ನಕ್ಷತ್ರದಿಂದ ಬಂದದ್ದು. ಪೂರ್ಣಚಂದ್ರ ಚಿತ್ತಾ ನಕ್ಷತ್ರದ ಹತ್ತಿರ ಇದ್ದರೆ ಚೈತ್ರ, ವಿಶಾಖಾ ಹತ್ತಿರ ವೈಶಾಖ, ಕೃತ್ತಿಕೆಯ ಹತ್ತಿರ ಕಾರ್ತಿಕ, ಮಖೆಯ ಹತ್ತಿರ ಮಾಘ. ಪ್ರತಿ ವರ್ಷ ಸರಿಯಾಗಿ ಅದೇ ನಕ್ಷತ್ರಕ್ಕೆ ಬಂದು ನಿಲ್ಲುವುದಿಲ್ಲ, ಕೆಲವೊಮ್ಮೆ ಪಕ್ಕದ ನಕ್ಷತ್ರದಲ್ಲಿರುತ್ತದೆ. ಮಗಳಿಗೆ ತೋರಿಸುವುದಾದರೆ ಚೈತ್ರ ಅಥವಾ ಜ್ಯೇಷ್ಠ ಒಳ್ಳೆಯದು. ಚಿತ್ತಾ ಬೆಳ್ಳಗೆ, ಜ್ಯೇಷ್ಠಾ ಕೆಂಪಗೆ, ಎರಡೂ ಹುಣ್ಣಿಮೆ ಬೆಳಕಿನಲ್ಲೂ ಕಾಣುತ್ತವೆ. ಕೃತ್ತಿಕೆಯ ಗೊಂಚಲು ಬೆಳದಿಂಗಳಿಗೆ ಮಂಕಾಗುತ್ತದೆ, ಚಂದ್ರನಿಗೆ ಹೆಬ್ಬೆರಳು ಅಡ್ಡ ಹಿಡಿದು ಹುಡುಕಬೇಕು.

ಹುಣ್ಣಿಮೆ ಅನ್ನುವುದು ಇಡೀ ದಿನವಲ್ಲ, ಒಂದು ತಿಥಿ. ಸೂರ್ಯನಿಂದ ಚಂದ್ರ 168 ಅಂಶ ದೂರ ಹೋದಾಗ ಶುರು, 180ಕ್ಕೆ ಮುಗಿಯಿತು. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲವಾದ್ದರಿಂದ ಆ 12 ಅಂಶ ದಾಟಲು ಒಮ್ಮೆ 19-20 ತಾಸು, ಒಮ್ಮೆ 26 ತಾಸೂ ಹಿಡಿಯುತ್ತದೆ. ಅದಕ್ಕೇ ಎರಡು ಕ್ಯಾಲೆಂಡರಿನಲ್ಲಿ ಎರಡು ತಾರೀಖು. 2026ರ ಸೀಗಿ ಹುಣ್ಣಿಮೆಯನ್ನೇ, ಅಂದರೆ ಆಶ್ವಯುಜದ್ದನ್ನೇ ತಗೋ. ಅಕ್ಟೋಬರ್ 25ರ ಮಧ್ಯಾಹ್ನದ ಸುಮಾರಿಗೆ ಹುಣ್ಣಿಮೆ ಹತ್ತುತ್ತದೆ, 26ರ ಬೆಳಗ್ಗೆ 9.40ರ ಸುಮಾರಿಗೆ ಇಳಿಯುತ್ತದೆ. ಬೆಳದಿಂಗಳಲ್ಲಿ ಹಾಲಿಟ್ಟು ಕೋಜಾಗರಿ ಮಾಡುವವರಿಗೆ ರಾತ್ರಿ ಹುಣ್ಣಿಮೆ ಇರಬೇಕು, ಅವರದು 25. ಸೂರ್ಯೋದಯದ ತಿಥಿ ಹಿಡಿಯುವವರಿಗೆ 26. ಇಬ್ಬರದೂ ಸರಿ. ಜಗಳ ಬೇಡ, ಯಾವ ಆಚರಣೆಗೆ ಯಾವ ಹೊತ್ತು ಮುಖ್ಯ ಅಂತ ಕೇಳಿಕೊಂಡರೆ ಸಾಕು.

ಇನ್ನೊಂದು ತಕರಾರು ಮೊಬೈಲಿನದು. ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರ ಭಾರತದಲ್ಲಿ ಹುಣ್ಣಿಮೆಗೆ ಮುಗಿಯುತ್ತದೆ. ಹುಣ್ಣಿಮೆಯ ಹೆಸರು ಎರಡೂ ಕಡೆ ಒಂದೇ, ಆದರೆ ಮರುದಿನದಿಂದಲೇ ತಿಂಗಳ ಹೆಸರು ಬೇರೆ. ಕೊಪ್ಪಳದ ಗವಿಮಠದ ತೇರು ಪುಷ್ಯ ಬಹುಳ ಬಿದಿಗೆಗೆ, ಅಂದರೆ ಬನದ ಹುಣ್ಣಿಮೆಯಾಗಿ ಎರಡನೇ ದಿನ. ಹಿಂದಿ ಪಂಚಾಂಗದ ಆ್ಯಪ್ ಅದೇ ದಿನವನ್ನು ಮಾಘ ಅಂತ ತೋರಿಸುತ್ತದೆ. ಪುಷ್ಯದ ಬಿದಿಗೆ ಅಂತ ಅದರಲ್ಲಿ ಹುಡುಕಿದವನು ಒಂದು ತಿಂಗಳು ಮೊದಲೇ ಬಂದು ಖಾಲಿ ಬಯಲು ನೋಡಿಕೊಂಡು ಹೋಗಬೇಕಾಗುತ್ತದೆ.

ಅಧಿಕಮಾಸದ್ದು ಮೂರನೆಯದು. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ, ಸೌರವರ್ಷಕ್ಕೆ 11 ದಿನ ಕಡಿಮೆ. ಆ ಕೊರತೆ ಕೂಡಿ ಕೂಡಿ 32-33 ತಿಂಗಳಿಗೊಮ್ಮೆ ಒಂದು ತಿಂಗಳು ಹೆಚ್ಚಿಗೆ ಬರುತ್ತದೆ. 2026ರಲ್ಲಿ ಅದು ಜ್ಯೇಷ್ಠಕ್ಕೆ ಬಂದಿದೆ, ಮೇ 17ರಿಂದ ಜೂನ್ 15ರವರೆಗೆ. ಮೇ 1ಕ್ಕೊಂದು, 31ಕ್ಕೊಂದು ಹುಣ್ಣಿಮೆ. ಇಂಗ್ಲಿಷಿನವರು ಬ್ಲೂ ಮೂನ್ ಅಂತ ಕರೆಯುವ ಆ 31ರ ಚಂದ್ರ ನಮ್ಮ ಲೆಕ್ಕದಲ್ಲಿ ಅಧಿಕ ಜ್ಯೇಷ್ಠದ ಹುಣ್ಣಿಮೆ. ಅವತ್ತು ದಾನ ಮಾಡಬಹುದು, ಅಳಿಯನಿಗೆ ಲೆಕ್ಕ ಹಾಕಿ 33 ಅನಾರಸ (ಅಕ್ಕಿ ಹಿಟ್ಟಿನ ಸಿಹಿತಿಂಡಿ) ಕೊಡಬಹುದು, ಆದರೆ ಕಾರ ಹುಣ್ಣಿಮೆ ಮಾಡುವಂತಿಲ್ಲ. ಅದು ನಿಜ ಜ್ಯೇಷ್ಠಕ್ಕೆ, ಜೂನ್ 29ಕ್ಕೆ. ಸೋಮವಾರ ಬೇರೆ, ಹೇಗೂ ಎತ್ತಿನ ಮೇಲೆ ನೊಗ ಇಡದ ದಿನ.

ಇನ್ನು ಹೆಸರುಗಳು. ಚಾರ್ಟಿನಲ್ಲಿ ಚೈತ್ರದಿಂದ ಬರೆಯಲಿ, ಆದರೆ ನಾನು ಹೇಳುವುದು ಕಾರ ಹುಣ್ಣಿಮೆಯಿಂದ. "ಕಾರ ಹುಣ್ಣಿವಿ ಕರಕೊಂಡು ಬರ್ತದ, ಹೋಳಿ ಹುಣ್ಣಿವಿ ಹೊಯ್ಕೊಂಡು ಹೋಗ್ತದ" ಅನ್ನುವ ಮಾತು ನಿನಗೂ ಗೊತ್ತು. ಹಬ್ಬಗಳ ಸಾಲು ಇಲ್ಲಿ ಶುರುವಾಗಿ ಅಲ್ಲಿ ಮುಗಿಯುತ್ತದೆ.

ಕಾರ ಹುಣ್ಣಿಮೆಯ ಹಿಂದಿನ ದಿನ ಹೊನ್ನುಗ್ಗಿ. ಜೋಳ ಕುದಿಸಿ, ಅರಿಶಿನ ಹಾಕಿ, ಕೂರಿಗೆ ಕುಂಟೆಗಳಿಗೆ ಪೂಜೆ ಮಾಡಿ ಎತ್ತಿಗೆ ಉಣಿಸುತ್ತಾರೆ. ಪ್ರೀತಿ ಹೆಚ್ಚಾಗಿ ಕೆಡುವುದು ಇಲ್ಲೇ. ದಿನವೂ ಮೇವು ತಿನ್ನುವ ಎತ್ತಿಗೆ ಒಮ್ಮೆಲೇ ಪುಟ್ಟಿಗಟ್ಟಲೆ ಕಾಳು ಸುರಿದರೆ ಹೊಟ್ಟೆಯಲ್ಲಿ ಹುಳಿ ಏರಿ ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ, ಪ್ರಾಣಕ್ಕೂ ಬರುತ್ತದೆ. ಎರಡು ಬೊಗಸೆ ಸಾಕು, ಮೇಲೆ ಒಣ ಸೊಪ್ಪಿ ಹಾಕಬೇಕು. ಗೊಟ್ಟ ಹಾಕುವಾಗಲೂ ಅಷ್ಟೇ ಜೋಕೆ. ಮಜ್ಜಿಗೆ, ಎಣ್ಣೆ, ಅರಿಶಿನ, ತತ್ತಿ ಕೂಡಿಸಿ ಬಿದಿರಿನ ಗೊಟ್ಟದಲ್ಲಿ ಕುಡಿಸುವವರು ಎತ್ತಿನ ಮೂತಿ ಮುಗಿಲಿಗೆ ಎತ್ತಿ, ನಾಲಿಗೆ ಎಳೆದು ಹಿಡಿಯುತ್ತಾರೆ. ನಾಲಿಗೆ ಹಿಡಿದರೆ ನುಂಗಲು ಬರುವುದಿಲ್ಲ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಎರಡು ದಿನಕ್ಕೆ ಎತ್ತು ಏದುಸಿರು ಬಿಡುತ್ತದೆ. ಮೂತಿಯನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ಎತ್ತಬಾರದು, ಗೊಟ್ಟವನ್ನು ಬಾಯಿಯ ಪಕ್ಕದಿಂದ ಇಟ್ಟು ಗುಟುಕು ಗುಟುಕಾಗಿ ಬಿಡಬೇಕು, ಕೆಮ್ಮಿದರೆ ಅಲ್ಲಿಗೇ ನಿಲ್ಲಿಸಬೇಕು.

ಹುಣ್ಣಿಮೆ ದಿನ ಮೈ ತೊಳೆದು, ಕೋಡು ಹೆರೆದು ನುಣ್ಣಗೆ ಮಾಡಿ ಹುರಮಂಜು ಹಚ್ಚುವುದು, ಕೋಡಣಸು, ಗೆಜ್ಜೆಸರ, ಜೂಲ, ಬಾಸಿಂಗ. ಈಗ ಗೋಡೆಗೆ ಬಳಿಯುವ ಎಣ್ಣೆ ಬಣ್ಣವನ್ನೇ ಕೋಡಿಗೂ ಬಳಿಯುತ್ತಾರೆ. ನನಗದು ಸೇರುವುದಿಲ್ಲ. ಒಂದರ ಮೈ ಇನ್ನೊಂದು ನೆಕ್ಕುವ ಪ್ರಾಣಿಗಳು ಅವು, ಬಣ್ಣ ಹೊಟ್ಟೆಗೇ ಹೋಗುತ್ತದೆ. ಸಂಜೆ ಊರ ಅಗಸಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟಿ, ಎತ್ತು ಓಡಿಸಿ ಅದನ್ನು ಹರಿಸುತ್ತಾರೆ, ಅದೇ ಕರಿ ಹರಿಯುವುದು. ಬಿಳಿ ಎತ್ತು ಮೊದಲು ಹರಿದರೆ ಹಿಂಗಾರಿ ಬಿಳಿಜೋಳಕ್ಕೆ ಒಳ್ಳೆಯದು, ಕೆಂದೆತ್ತು ಹರಿದರೆ ಮುಂಗಾರಿ ಬೆಳೆಗೆ ಒಳ್ಳೆಯದು ಅಂತ ನಂಬಿಕೆ. ಟ್ರ್ಯಾಕ್ಟರ್ ಬಂದ ಊರುಗಳಲ್ಲಿ ಕರಿ ಹರಿಯಲು ಎತ್ತು ಹುಡುಕಿ ತರುವ ಹಾಗಾಗಿದೆ.

ಆಷಾಢದ್ದು ಕಡ್ಲಿಗಡಬಿನ ಹುಣ್ಣಿಮೆ, ಮಠ ಶಾಲೆಗಳಲ್ಲಿ ಗುರುಪೂರ್ಣಿಮೆ. ಶ್ರಾವಣದ್ದು ನೂಲ ಹುಣ್ಣಿಮೆ, ಜನಿವಾರ ಬದಲಿಸುವ ದಿನ. ಇಲ್ಲೊಂದು ಸೂಕ್ಷ್ಮ: ಯಜುರ್ವೇದಿಗಳಿಗೆ ಹುಣ್ಣಿಮೆ ಮುಖ್ಯ, ಋಗ್ವೇದಿಗಳಿಗೆ ಶ್ರವಣ ನಕ್ಷತ್ರ ಮುಖ್ಯ, ಹಾಗಾಗಿ ಒಂದೇ ಓಣಿಯಲ್ಲಿ ಎರಡು ದಿನ ಆಗುವುದುಂಟು. ದೇವಾಂಗ ನೇಕಾರರಿಗೂ ಅದು ದೊಡ್ಡ ಹಬ್ಬ. ಮರುದಿನ ಪಾಡ್ಯದಿಂದ ಮೂರು ದಿನ ಮಂತ್ರಾಲಯದಲ್ಲಿ ರಾಯರ ಆರಾಧನೆ, ರಾಯಚೂರು ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಭಾದ್ರಪದದ್ದು ಜೋಕುಮಾರನ ಹುಣ್ಣಿಮೆ. ಗಣಪತಿ ಹೋಳಿಗೆ ಉಂಡು ಹೋಗಿ ಭೂಲೋಕದಲ್ಲಿ ಎಲ್ಲ ಚೆನ್ನಾಗಿದೆ ಅನ್ನುತ್ತಾನೆ, ಹಿಂದೆಯೇ ಬರುವ ಜೋಕುಮಾರ ಕೇರಿ ಕೇರಿ ತಿರುಗಿ ಬರ, ಹಸಿವು ನೋಡಿ ಇದ್ದದ್ದು ಇದ್ದ ಹಾಗೆ ವರದಿ ಒಪ್ಪಿಸುತ್ತಾನೆ. ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಬಾರಕೇರ, ಅಂಬಿಗರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಮಣ್ಣಿನ ಜೋಕುಮಾರನನ್ನು ಹೊತ್ತು ತರುತ್ತಾರೆ. ಬಾಯಿಗೆ ಬೆಣ್ಣೆ ಹಚ್ಚಿ, ಮೊರದಲ್ಲಿ ಜೋಳ, ಉಪ್ಪು, ಒಣಮೆಣಸಿನಕಾಯಿ ಕೊಡಬೇಕು. ಅವರು ತಿರುಗಿ ಕೊಡುವ ಬೇವು, ನುಚ್ಚನ್ನು ಅಂಬಲಿಗೆ ಬೆರೆಸಿ ಹೊಲಕ್ಕೆ ಚಿಮುಕಿಸಿದರೆ ಹುಳ ಹತ್ತುವುದಿಲ್ಲ ಅನ್ನುತ್ತಾರೆ. ದೇವರೆಂದರೆ ಸುಖದ ಸುದ್ದಿಯಷ್ಟೇ ಕೇಳುವವನಲ್ಲ ಎಂದು ಇಷ್ಟು ಸರಳವಾಗಿ ಹೇಳುವ ಇನ್ನೊಂದು ಹಬ್ಬ ನಮ್ಮಲ್ಲಿಲ್ಲ.

ಆಶ್ವಯುಜದ ಸೀಗಿ ಹುಣ್ಣಿಮೆಗೆ ಬೆಳೆ ತುಂಬಿದ ಬಸುರಿ. ಕಾಲುವೆ ಕೆಳಗಿನ ಸಿಂಧನೂರು, ಗಂಗಾವತಿ ಕಡೆ ಭತ್ತ ಹೊಡೆ ಬಿಡುವ ಹೊತ್ತು, ಮಳೆ ನಂಬಿದ ಹೊಲಗಳಲ್ಲಿ ತೊಗರಿ, ಹತ್ತಿ. ಬಸುರಿಗೆ ಬಯಕೆ ಊಟ ಮಾಡಿಸಿದಂತೆ ಭೂಮಿಗೆ ಉಣಿಸುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ, ಕುಂಕುಮ ಇಟ್ಟರೆ ಪಾಂಡವರು. ಎಡೆಗೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಕಡಬು, ಮೊಸರು ಬುತ್ತಿ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತೆಗೆದು ಕಲಸಿ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುವುದೇ ಚರಗ. ಒಬ್ಬ ಚೆಲ್ಲುತ್ತಾ ಮುಂದೆ ಹೋದರೆ ಹಿಂದಿನವನು ನೀರು ಚಿಮುಕಿಸುತ್ತಾ ಬರಬೇಕು. ನಂತರವೇ ಮನೆಯವರ ಊಟ. ಔಷಧ ಹೊಡೆದ ವಾರದಲ್ಲಿ ಹಬ್ಬ ಬಂದರೆ ಬೆಳೆಯ ನಡುವೆ ಎಲೆ ಹಾಕಿ ಕೂಡಬೇಡಿ, ಬದುವಿನಿಂದ ದೂರ ಗಿಡದ ಕೆಳಗೆ ಉಣ್ಣಿ. ಬಿಳಿಜೋಳದ ಎರೆಭೂಮಿಯವರು ಇದೇ ಚರಗವನ್ನು ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ ಚೆಲ್ಲುತ್ತಾರೆ, ಅವರ ಬೆಳೆ ಬಸುರಿಯಾಗುವುದು ಆಗ. ಇದೇ ಹುಣ್ಣಿಮೆಗೆ ವಾಲ್ಮೀಕಿ ಜಯಂತಿ, ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ದೊಡ್ಡ ಮೆರವಣಿಗೆ.

ಕಾರ್ತಿಕದ ಗೌರಿ ಹುಣ್ಣಿಮೆ ಹೆಣ್ಣುಮಕ್ಕಳದು, ಸಕ್ಕರೆ ಆರತಿಯದು. ಲಗ್ನ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಸಕ್ಕರೆ ಗೊಂಬೆ ಬರಬೇಕು: ಆನೆ, ಒಂಟೆ, ನವಿಲು, ತೇರು, ಬಸವಣ್ಣ. ಮನೆಯಲ್ಲಿ ಮಾಡುವುದಾದರೆ ಕಟ್ಟಿಗೆಯ ಅಚ್ಚುಗಳನ್ನು ಒಂದೆರಡು ತಾಸು ನೀರಲ್ಲಿ ನೆನೆಸಿ, ಒರೆಸಿ, ಎರಡು ಹೋಳು ಸೇರಿಸಿ ದಾರದಿಂದ ಬಿಗಿದಿಡಿ. ಒಣ ಅಚ್ಚಿಗೆ ಪಾಕ ಅಂಟಿ ಆನೆಯ ಸೊಂಡಿಲು ಅಲ್ಲೇ ಉಳಿಯುತ್ತದೆ. ಒಂದು ಕಿಲೋ ಸಕ್ಕರೆಗೆ ಸುಮಾರು ಒಂದೂವರೆ ಲೋಟ ನೀರು. ಕುದಿ ಬಂದಾಗ ಒಂದು ಚಮಚ ಹಾಲು ಹಾಕಿದರೆ ಕೊಳೆ ಮೇಲೆ ಬರುತ್ತದೆ, ತೆಗೆದು ಹಾಕಿ. ಲಿಂಬೆರಸ ಎರಡು ಮೂರು ಹನಿ ಮಾತ್ರ. ಪಾಕ ಹರಳುಗಟ್ಟದಿರಲಿ ಅಂತ ಅರ್ಧ ಹೋಳು ಹಿಂಡಿದರೆ ಗೊಂಬೆ ಗಟ್ಟಿಯೇ ಆಗುವುದಿಲ್ಲ, ಹುಳಿಗೆ ಸಕ್ಕರೆ ಒಡೆದು ಅಂಟಂಟಾಗುತ್ತದೆ. ತಣ್ಣೀರಿಗೆ ಬಿಟ್ಟ ಹನಿ ಬೆರಳಲ್ಲಿ ಮೆತ್ತಗೆ ಉಂಡೆಯಾದರೆ ಇಳಿಸಿ, ಪಾತ್ರೆಯ ಅಂಚಿಗೆ ತಿಕ್ಕುತ್ತಾ ಹಾಲಿನ ಬಣ್ಣಕ್ಕೆ ತಿರುಗುವವರೆಗೆ ತಿರುವಿ, ತಡಮಾಡದೆ ಅಚ್ಚಿಗೆ ಹೊಯ್ಯಿರಿ. ಅರ್ಧ ನಿಮಿಷ ತಡವಾದರೂ ಪಾತ್ರೆಯಲ್ಲೇ ಕಲ್ಲಾಗುತ್ತದೆ, ಆಗ ಎರಡು ಚಮಚ ನೀರು ಹಾಕಿ ಮತ್ತೆ ಕಾಸಬೇಕು. ಅಚ್ಚು ಬಿಚ್ಚುವುದು ಪೂರ್ತಿ ಆರಿದ ಮೇಲೆ.

ಮಾರ್ಗಶಿರದ್ದು ಹೊಸ್ತಿಲ ಹುಣ್ಣಿಮೆ, ಮನೆಯ ಹೊಸ್ತಿಲಿಗೇ ಪೂಜೆ. ಅಂಜನಾದ್ರಿಗೆ ಹನುಮಮಾಲೆಯವರು ಬರುವುದು ಇದಕ್ಕೆ ಎರಡು ದಿನ ಮೊದಲು, ತ್ರಯೋದಶಿಯ ಹನುಮದ್ ವ್ರತಕ್ಕೆ. ಎಲ್ಲಮ್ಮನ ಒಕ್ಕಲಿಗೆ ಇದು ರಂಡಿ ಹುಣ್ಣಿಮೆ, ಜಮದಗ್ನಿ ಸತ್ತು ತಾಯಿ ಬಳೆ ಒಡೆದುಕೊಂಡ ದಿನ. ಎರಡು ತಿಂಗಳ ಮೇಲೆ ಮಾಘದ ಭಾರತ ಹುಣ್ಣಿಮೆಗೆ ಅವಳು ಮತ್ತೆ ಮುತ್ತೈದೆ. ಅವತ್ತು ಮನೆಗಳಲ್ಲಿ ಪಡ್ಲಗಿ, ಅಂದರೆ ದೇವಿಯ ಬುಟ್ಟಿ ತುಂಬಿಸುತ್ತಾರೆ. ಇದೇ ಹುಣ್ಣಿಮೆಯ ಹೆಸರಲ್ಲಿ ನಮ್ಮ ಜಿಲ್ಲೆಗಳಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರು, 1982ರ ಕಾಯ್ದೆ ಅದನ್ನು ಅಪರಾಧ ಅಂತ ಸಾರಿತು. ಹುಣ್ಣಿಮೆಯ ಅರ್ಥ ಹೇಳುವಾಗ ಇದನ್ನು ನುಂಗಿಕೊಂಡು ಹೇಳುವುದು ನನಗೆ ಒಪ್ಪಿಗೆಯಿಲ್ಲ. ಅದೇ ಹುಣ್ಣಿಮೆಯಾಗಿ ಎರಡನೇ ದಿನಕ್ಕೆ ಮೈಲಾರದಲ್ಲಿ ಗೊರವಯ್ಯ ಬಿಲ್ಲನೇರಿ ಕಾರ್ಣಿಕ, ಅಂದರೆ ವರ್ಷದ ಭವಿಷ್ಯ ನುಡಿಯುತ್ತಾನೆ.

ನಡುವಿನ ಪುಷ್ಯದ್ದು ಬನದ ಹುಣ್ಣಿಮೆ. ಬಾದಾಮಿ ಬನಶಂಕರಿಯ ತೇರು, ನಮ್ಮ ತಾಲ್ಲೂಕಿನ ಅಂಬಾಮಠದ ಜಾತ್ರೆ. ದೇವಿ ಶಾಕಂಬರಿ, ಎಡೆಗೆ ಬಗೆಬಗೆಯ ಕಾಯಿಪಲ್ಯ. ಈ ಚಂದ್ರ ನಡುರಾತ್ರಿ ನೆತ್ತಿಯ ಹತ್ತಿರ ಬರುತ್ತಾನೆ, ಕಾರ ಹುಣ್ಣಿಮೆಯವನು ದಕ್ಷಿಣಕ್ಕೆ ವಾಲಿಕೊಂಡೇ ಹೋಗುತ್ತಾನೆ. ಹುಣ್ಣಿಮೆ ಚಂದ್ರ ಸೂರ್ಯನ ಎದುರಿಗಿರುವುದರಿಂದ ಬೇಸಿಗೆಯ ಸೂರ್ಯನ ದಾರಿ ಚಳಿಗಾಲದ ಚಂದ್ರನಿಗೆ ಸಿಗುತ್ತದೆ.

ಚೈತ್ರದ ದವನದ ಹುಣ್ಣಿಮೆಗೆ ಹಂಪಿ ವಿರೂಪಾಕ್ಷನ ತೇರು, ಅಕ್ಕಮಹಾದೇವಿ ಜಯಂತಿ. ದವನವನ್ನು ನೀರಲ್ಲಿ ಅದ್ದಿಡಬೇಡಿ, ಕಪ್ಪಾಗಿ ವಾಸನೆ ಹೋಗುತ್ತದೆ, ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಸಾಕು. ವೈಶಾಖದ್ದು "ಆಗಿ ಹುಣ್ಣಿಮೆ", ಬುದ್ಧಪೂರ್ಣಿಮೆ. ಮಗಳಿಗೆ ಇದೊಂದನ್ನು ಬಿಡಿಸಿ ಹೇಳು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಇರುವ ಶಾಸನ ಸಿಕ್ಕಿತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಅಶೋಕನ ಶಾಸನಗಳಿವೆ. ಬುದ್ಧನ ಹುಣ್ಣಿಮೆ ನಮ್ಮ ನೆಲಕ್ಕೆ ಹೊರಗಿನದಲ್ಲ.

ಕೊನೆಗೆ ಫಾಲ್ಗುಣದ ಹೋಳಿ ಹುಣ್ಣಿಮೆ. ಹುಣ್ಣಿಮೆ ತಿಥಿಯ ಮೊದಲರ್ಧ ಭದ್ರೆ, ಪಂಚಾಂಗದ ಲೆಕ್ಕದಲ್ಲಿ ಅಶುಭ ಹೊತ್ತು, ಆಗ ಕಾಮನನ್ನು ಸುಡುವುದಿಲ್ಲ. ಪಂಚಾಂಗದಲ್ಲಿ ಭದ್ರೆ ಮುಗಿಯುವ ಹೊತ್ತು ನೋಡಿಕೊಂಡೇ ಬೆಂಕಿ ಇಡಬೇಕು. ಕುಳ್ಳು, ಒಣಗಿದ ಕಟ್ಟಿಗೆ ಸಾಕು. ಹಸಿ ಬೇವು ಕಡಿದು ತರುವುದು, ಹಳೇ ಟೈರು ಎಸೆಯುವುದು ಈಚಿನ ಹುಡುಗರ ಕೆಲಸ, ಆ ಬೆಂಕಿಯಲ್ಲಿ ಕಡಲೆ ಹುರಿದು ತಿನ್ನುವ ಹಾಗೂ ಇಲ್ಲ. ಕುಳ್ಳಿನ ಕೆಂಡವಾದರೆ ಮನೆಗೆ ಒಯ್ದು ಕಡಲೆ ಹುರಿಯಿರಿ, ಹಲ್ಲು ಗಟ್ಟಿಯಾಗುತ್ತವೆ ಅಂತ ಹಿರಿಯರ ಮಾತು.

ನಿನ್ನ ಗೆಳೆಯ